ಹದಿನೇಳನೇ ಹಾಸಿಗೆಯ ಗಂಟು

ಹದಿನೇಳನೇ ಹಾಸಿಗೆಯ ಕಾಲ್ದೆಸೆಯ ಕಂಬಿಗೆ ಕಟ್ಟಿದ್ದ, ಗಾಯಕ್ಕೆ ಸುತ್ತುವ ಗಾಜ್ ಬಟ್ಟೆಯ ಪಟ್ಟಿಯನ್ನು ಗುಲಾಫಶಾ ಕತ್ತರಿಸಿ ಕಸದ ಹಳದಿ ಚೀಲಕ್ಕೆ ಹಾಕಿದಾಗ ಬೆಳಿಗ್ಗೆ ಎಂಟೂಕಾಲು. ಹತ್ತು ಗಂಟೆಗೆ ತಪಾಸಣೆಯ ತಂಡ ಬರುವುದಿತ್ತು. ಚೀಟಿಯಿಲ್ಲದ ಬಾಟಲಿ, ಹೆಸರಿಲ್ಲದ ಡಬ್ಬಿ, ಯಾಕೆಂದು ಹೇಳಲಾಗದ ಗುರುತು, ಇವು ಒಂದೂ ಕಣ್ಣಿಗೆ ಬೀಳಕೂಡದು ಎಂದು ಮೇಟ್ರನ್ ಎರಡು ಸಲ ಫೋನ್ ಮಾಡಿ ಹೇಳಿದ್ದರು. ಮೂವತ್ತೆರಡು ಹಾಸಿಗೆಗಳ ಗಂಡಸರ ಮೆಡಿಕಲ್ ವಾರ್ಡಿಗೆ ಗುಲಾಫಶಾ ಇನ್‌ಚಾರ್ಜ್ ಸಿಸ್ಟರ್. ಪಟ್ಟಿಗಳನ್ನು ಕಟ್ಟುವವಳು ಆಯಾ ಲಕ್ಷ್ಮವ್ವ ಎಂದು ಅವಳಿಗೆ ಗೊತ್ತಿತ್ತು. ಚಾದರ ಬದಲಿಸಿದ ಗುರುತಿಗೆ ಕಟ್ಟುತ್ತಾಳೆ ಎಂದು ಹನ್ನೊಂದು ವರ್ಷದಿಂದ ತಿಳಿದಿದ್ದಳು.

ಹಾಸಿಗೆಯಲ್ಲಿದ್ದವನು ಕಾಶಿನಾಥ, ನಲವತ್ತಾರು ವರ್ಷದ, ಗಾರೆ ಕೆಲಸದ ಗೌಂಡಿ. ಮೂತ್ರಪಿಂಡದ ಸೋಂಕಿನಿಂದ ಮೂರು ದಿನದ ಹಿಂದೆ ದಾಖಲಾಗಿದ್ದ. ಆರು ಗಂಟೆಯ ಚಾರ್ಟಿನಲ್ಲಿ ರಕ್ತದೊತ್ತಡ ನೂರಹದಿನೆಂಟು, ಎಪ್ಪತ್ತಾರು. ನಾಡಿ ತೊಂಬತ್ತಾರು. ಜ್ವರ ಇಳಿದಿತ್ತು. ಡಿಸ್ಚಾರ್ಜ್ ಯಾವಾಗ ಎಂದು ಅವನು ನಗುತ್ತ ಕೇಳಿದ. ಡಾಕ್ಟರು ರೌಂಡಿಗೆ ಬಂದಾಗ ಕೇಳೋಣ ಎಂದು ಹೇಳಿ ಅವಳು ಮುಂದಿನ ಹಾಸಿಗೆಗೆ ಹೋದಳು.

ಆ ಸೋಮವಾರ ಅವಳ ಮನಸ್ಸಿನ ಅರ್ಧ ಬೇರೆ ಕಡೆ ಇತ್ತು. ಕೈಚೀಲದಲ್ಲಿ ಎರಡು ಪತ್ರಗಳಿದ್ದವು. ನರ್ಸಿಂಗ್‌ನಲ್ಲಿ ಪಿಎಚ್‌.ಡಿ ಮಾಡಲು ಎರಡು ಕಡೆ ಪರೀಕ್ಷೆ, ಸಂದರ್ಶನ ಕೊಟ್ಟಿದ್ದಳು, ಎರಡೂ ಕಡೆ ಆಯ್ಕೆಯಾಗಿತ್ತು. ಒಂದು ನವಿ ಮುಂಬಯಿಯ ಖಾಸಗಿ ವಿಶ್ವವಿದ್ಯಾಲಯ: ಪೂರ್ಣಾವಧಿ, ಫೆಲೋಶಿಪ್, ಮೂರು ವರ್ಷಕ್ಕೆ ಮುಗಿಯುವ ಅಂದಾಜು, ಮುಗಿದರೆ ಅಲ್ಲಿಯೇ ಪಾಠ ಮಾಡುವ ಕೆಲಸ. ವಿಷಯವನ್ನು ಗೈಡ್ ಆಗಲೇ ಗೊತ್ತುಮಾಡಿದ್ದರು. ಆಸ್ಪತ್ರೆಯ ಕಸದ ವಿಂಗಡಣೆಯ ಬಗ್ಗೆ ಮುನ್ನೂರು ನರ್ಸುಗಳ ತಿಳಿವಳಿಕೆ ಎಷ್ಟು ಎಂದು ಪ್ರಶ್ನಾವಳಿ ಕೊಟ್ಟು ಅಳೆಯುವುದು. ಇನ್ನೊಂದು ಅರೆಕಾಲಿಕ. ಕೆಲಸದಲ್ಲಿ ಇದ್ದುಕೊಂಡೇ ಮಾಡಬೇಕು, ಆರು ವರ್ಷ ಹಿಡಿಯಬಹುದು, ವಿಷಯವನ್ನು ಅಭ್ಯರ್ಥಿಯೇ ತರಬೇಕು. ಅವಳ ಬಳಿ ವಿಷಯ ಇರಲಿಲ್ಲ. ಶನಿವಾರ ಸಂಜೆ ಐದರೊಳಗೆ ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಬೇಕಿತ್ತು. ನವಿ ಮುಂಬಯಿಗೇ ಹೋಗುವುದೆಂದು ಅವಳು, ಅವಳ ಗಂಡ ಮುಕ್ತಾರ, ಕುರ್ಲಾದ ಅವರ ಬಿಲ್ಡಿಂಗಿನ ಮೂರನೇ ಮಹಡಿಯವರೆಲ್ಲ ಹೆಚ್ಚುಕಡಿಮೆ ತೀರ್ಮಾನಿಸಿ ಆಗಿತ್ತು.

ಹತ್ತು ನಲವತ್ತಕ್ಕೆ, ತಪಾಸಣೆಯವರು ಔಷಧಿಯ ಕಪಾಟಿನ ಮುಂದೆ ನಿಂತಿದ್ದಾಗ, ಸ್ಟಾಫ್ ನರ್ಸ್ ಶೀತಲ್ ಬಂದು ಅವಳ ತೋಳು ಮುಟ್ಟಿದಳು. ಕಾಶಿನಾಥನ ರಕ್ತದೊತ್ತಡ ಎಂಬತ್ನಾಲ್ಕಕ್ಕೆ ಇಳಿದಿತ್ತು. ಅವನು ಹೆಂಡತಿಯ ಹೆಸರನ್ನು ತಪ್ಪು ಹೇಳುತ್ತಿದ್ದ. ಡಾಕ್ಟರು ಬಂದರು, ಸಲೈನ್ ಜೋರಾಗಿ ಬಿಟ್ಟರು, ಹನ್ನೊಂದೂ ಹತ್ತಕ್ಕೆ ಅವನನ್ನು ಐಸಿಯುಗೆ ಒಯ್ದರು. ಸೋಂಕು ರಕ್ತಕ್ಕೆ ಇಳಿದಿದೆ, ಇನ್ನೆರಡು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು.

ಖಾಲಿ ಹಾಸಿಗೆಯ ಚಾದರ ಎಳೆಯುತ್ತ ಶೀತಲ್ ಕಾಲ್ದೆಸೆಯ ಕಂಬಿಯನ್ನು ನೋಡಿದಳು. ಅವಳು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕನ್ನಡ ಅವಳ ಬಾಯಲ್ಲಿ ಹುಡುಕಿ ಹುಡುಕಿ ಬರುತ್ತಿತ್ತು.

"ಇವರಿಗೆ ಮಾವಶಿ ಗಂಟ್ ಕಟ್ಟಿರ್ಲಿಲ್ಲ ನಾ, ಮ್ಯಾಡಮ್. ಇದ್ದಿದ್ರೆ ನಾನು ಅರ್ಧಾ ಘಂಟಾಕೊಮ್ಮೆ ಬಿಪಿ ನೋಡ್ತಿದ್ದೆ. ನಾವೆಲ್ಲಾ ಹಾಗೇ ಮಾಡೋದು."

ವಾರ್ಡಿನ ಆಯಾಗಳನ್ನು ಮುಂಬಯಿಯ ಆಸ್ಪತ್ರೆಗಳಲ್ಲಿ ಎಲ್ಲರೂ ಮಾವಶಿ ಎಂದೇ ಕರೆಯುತ್ತಾರೆ. ನಾವೆಲ್ಲಾ ಎಂದರೆ ಯಾರು ಎಂದು ಗುಲಾಫಶಾ ಕೇಳಿದಳು. ಶೀತಲ್ ನಾಲ್ಕು ಹೆಸರು ಹೇಳಿದಳು. ನಾಲ್ವರೂ ಕೆಲಸಕ್ಕೆ ಸೇರಿ ಮೂರು ವರ್ಷ ದಾಟದವರು. ಮಾವಶಿ ಪಟ್ಟಿ ಕಟ್ಟಿದ ಹಾಸಿಗೆಯ ಮೇಲೆ ಕಣ್ಣಿಡಬೇಕು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುತ್ತ ಬಂದಿದ್ದರು. ಇನ್‌ಚಾರ್ಜ್‌ಗೆ ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

ಮರುದಿನ ಗುಲಾಫಶಾ ಬೆಳಿಗ್ಗೆ ಆರಕ್ಕೇ ವಾರ್ಡಿಗೆ ಬಂದಳು. ಲಕ್ಷ್ಮವ್ವ ರೋಗಿಗಳ ಮೈ ಒರೆಸುವ ಹೊತ್ತು ಅದು. ಸಿಂದಗಿಯ ಕಡೆಯಿಂದ ಬಂದು ಇಪ್ಪತ್ತಾರು ವರ್ಷದಿಂದ ಇದೇ ವಾರ್ಡಿನಲ್ಲಿ ಇದ್ದವಳು, ಕುಳ್ಳಗಿನ, ನಡೆಯುವಾಗ ಎಡಕ್ಕೆ ವಾಲುವ ಹೆಂಗಸು. ಗುಲಾಫಶಾ ದೂರದಿಂದ ನೋಡಿದಳು. ಮೈ ಒರೆಸುವುದನ್ನು ಮುಖದಿಂದ ಆರಂಭಿಸಿ ಕೆಳಕ್ಕೆ ಬರಬೇಕು ಎಂದು ಅವಳು ಓದಿದ್ದಳು, ವಿದ್ಯಾರ್ಥಿನಿಯರಿಗೆ ಕಲಿಸಿದ್ದಳು. ಲಕ್ಷ್ಮವ್ವ ಪಾದದಿಂದ ಆರಂಭಿಸುತ್ತಿದ್ದಳು. ಬೆಚ್ಚನೆಯ ನೀರಿಗೆ ಕೈ ಹಾಕುವ ಮೊದಲೇ, ಒಣ ಕೈಯನ್ನು ಹೊದಿಕೆಯ ಕೆಳಗೆ ತೂರಿಸಿ ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ಆಮೇಲೆ ಬಟ್ಟೆ ಹಿಂಡುತ್ತಿದ್ದಳು. ಪ್ರತಿ ಹಾಸಿಗೆಗೂ ಹೀಗೇ. ಇಪ್ಪತ್ತನಾಲ್ಕನೇ ಹಾಸಿಗೆಯ ಹತ್ತಿರ ಎರಡು ಸಲ ಕೈ ಇಟ್ಟಳು. ಸೊಂಟಕ್ಕೆ ಸಿಕ್ಕಿಸಿದ್ದ ಗಾಜ್ ಪಟ್ಟಿ ತೆಗೆದು, ರೋಗಿಗೆ ಕಾಣದಂತೆ ಕಂಬಿಗೆ ಕಟ್ಟಿದಳು.

ಪಾದದಿಂದ ಯಾಕೆ ಎಂದು ಗುಲಾಫಶಾ ಹತ್ತಿರ ಹೋಗಿ ಕೇಳಿದಳು. ಬೈಗುಳ ಬರಬಹುದೆಂದು ಲಕ್ಷ್ಮವ್ವ ಮೊದಲು ಅನುಮಾನಿಸಿದಳು. ನಿನ್ನೆಯ ಗಂಟನ್ನು ಕತ್ತರಿಸಿದವಳು ತಾನೇ ಎಂದು ಗುಲಾಫಶಾ ಹೇಳಿದ ಮೇಲೆ ಬಕೆಟ್ ಕೆಳಗಿಟ್ಟಳು.

"ಮಾರಿ ಮೊದಲ ಒರಸಿದ್ರ ಮಂದಿ ಎಚ್ಚರಾಗ್ತಾರ್ರಿ. ಎಚ್ಚರಾದ್ರ ಮಾತಾಡ್ತಾರ. ಅವರು ಮಾತಾಡಾಕತ್ರ ನನಗ ಕೈಯಾಗ ತಿಳಿಯಂಗಿಲ್ಲ."

ಏನು ತಿಳಿಯುವುದಿಲ್ಲ ಎಂದು ಕೇಳಿದರೆ ಅವಳಿಗೆ ಹೇಳಲು ಬರಲಿಲ್ಲ. ಗುಲಾಫಶಾಳ ಮಣಿಕಟ್ಟು ಹಿಡಿದು, ಅಂಗೈ ತಿರುಗಿಸಿ, ಇಪ್ಪತ್ತನಾಲ್ಕನೇ ಹಾಸಿಗೆಯ ರೋಗಿಯ ಪಾದಕ್ಕೆ ಕೈಯ ಹಿಂಬದಿ ತಾಗಿಸಿದಳು. ಹನ್ನೊಂದು ವರ್ಷ ಅವಳನ್ನು ಬಹುವಚನದಲ್ಲಿ ಮಾತಾಡಿಸಿದವಳು ಆಗ ಏಕವಚನಕ್ಕೆ ಇಳಿದದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

"ಒತ್ತಬ್ಯಾಡ. ಹಗ್ಗದ ಮ್ಯಾಲಿನ ಅರಿವಿ ಒಣಗ್ಯಾವೇನು ನೋಡ್ತಿ ನೋಡು, ಹಂಗ. ಈಗ ಮ್ಯಾಲ ಬಾ. ಮೀನಗಂಡ. ಇನ್ನ ಮ್ಯಾಲ. ಪಾದ ಅಷ್ಟ ತಣ್ಣಗಿದ್ರ ನಾ ಸುಮ್ಮ ಇರ್ತೀನಿ. ಮೊಣಕಾಲಿಗಿ ಏರಿತಂದ್ರ ಕಟ್ತೀನಿ."

"ಫ್ಯಾನಿನ ಗಾಳಿಗಿ ತಣ್ಣಗಾಗಿದ್ರ, ಮಾವಶಿ?"

"ಆ ತಣ್ಣಗ ಬ್ಯಾರೆ. ಅದು ತೊಗಲಿನ ಮ್ಯಾಲಿರ್ತದ. ಇದು ಒಳಗಿಂದ ಬರ್ತದ."

ಗುಲಾಫಶಾಳ ಕೈಗೆ ಒಂದು ಕಾಲು ತಾಗಿತು, ಅಷ್ಟೆ. ಮೀನಗಂಡಕ್ಕೂ ಮೊಣಕಾಲಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ರಕ್ತದೊತ್ತಡ ಕುಸಿಯುವ ಮೊದಲು ದೇಹ ಕೈಕಾಲಿನ ರಕ್ತವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅದಕ್ಕೇ ಕಾಲು ತಣ್ಣಗಾಗುತ್ತದೆ ಎಂದು ಪುಸ್ತಕದಲ್ಲಿ ಇದೆ. ಆ ಪುಟ ಅವಳಿಗೆ ಬಾಯಿಪಾಠವಿತ್ತು. ಲಕ್ಷ್ಮವ್ವನಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ, ಸಂಬಳದ ದಿನ ಹೆಬ್ಬೆಟ್ಟು ಒತ್ತುತ್ತಿದ್ದಳು. ಅಂದು ಮಧ್ಯಾಹ್ನ ಒಂದೂವರೆಗೆ ಇಪ್ಪತ್ತನಾಲ್ಕನೇ ಹಾಸಿಗೆಗೆ ಡಾಕ್ಟರನ್ನು ಕರೆಯಬೇಕಾಯಿತು.

ಊಟದ ಹೊತ್ತಿಗೆ ಗುಲಾಫಶಾ ಹಳೆಯ ಚಾರ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಮೂವತ್ತೆರಡು ಹಾಸಿಗೆ, ವರ್ಷಕ್ಕೆ ಮುನ್ನೂರು ದಿನ, ಇಪ್ಪತ್ತಾರು ವರ್ಷ. ಎರಡು ಲಕ್ಷದ ನಲವತ್ತೊಂಬತ್ತು ಸಾವಿರದ ಆರುನೂರು. ತಪ್ಪಾಗಿರಬಹುದೆಂದು ಮತ್ತೊಮ್ಮೆ ಗುಣಿಸಿದಳು. ಹಾಸಿಗೆ ಖಾಲಿ ಇದ್ದ ದಿನ, ರಜೆಯ ದಿನ ಎಂದು ಧಾರಾಳವಾಗಿ ಕಳೆದರೂ ಎರಡು ಲಕ್ಷಕ್ಕೆ ಕಡಿಮೆಯಾಗಲಿಲ್ಲ. ಅಷ್ಟು ಜೋಡಿ ಕಾಲುಗಳನ್ನು ಅಷ್ಟು ಗಮನವಿಟ್ಟು ಮುಟ್ಟಿದವರು ಈ ಊರಿನಲ್ಲಿ ಬೇರೆ ಯಾರಿದ್ದಾರೆ ಎಂದು ಯೋಚಿಸಿದಳು. ಯಾರೂ ನೆನಪಾಗಲಿಲ್ಲ. ಡಬ್ಬಿಯ ರೊಟ್ಟಿ ಹಾಗೇ ಉಳಿಯಿತು. ಆ ಕೈ ಕಟ್ಟಿದ ಗಂಟುಗಳೆಲ್ಲ ದಿನದಿನವೂ ಕಸಕ್ಕೆ ಹೋಗಿದ್ದವು. ಒಂದೂ ಎಲ್ಲಿಯೂ ದಾಖಲಾಗಿರಲಿಲ್ಲ.

ಗುರುವಾರ ಅವಳು ಮಾಟುಂಗದಲ್ಲಿ ಸೇವಂತಿ ಮೇಡಂ ಅವರನ್ನು ಕಂಡಳು. ಅರೆಕಾಲಿಕ ಪಿಎಚ್‌.ಡಿಗೆ ಗೈಡ್ ಆಗಬೇಕಿದ್ದವರು, ಉಡುಪಿಯ ಕಡೆಯವರು, ಸಂದರ್ಶನದಲ್ಲಿ ಒಮ್ಮೆಯೂ ನಗದವರು. ಸೀಟು ಬೇಡವೆಂದು ಹೇಳುವುದಾದರೆ ಎದುರಿಗೆ ಹೇಳಿ ಎಂದು ಅವರೇ ಕರೆದಿದ್ದರು. ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಜಾಗಕ್ಕಾಗಿ ಕಾದು, ಅಪರಿಚಿತರಿಬ್ಬರ ಜೊತೆ ಮೇಜು ಹಂಚಿಕೊಂಡು ಕುಳಿತರು. ಬೇಡವೆನ್ನುವ ಮೊದಲು ಒಂದು ವಿಷಯ ಹೇಳಬೇಕೆಂದು ಗುಲಾಫಶಾ ಗಂಟಿನ ಕತೆ ಹೇಳಿದಳು. ಮೇಡಂ ಇಡ್ಲಿ ಮುಗಿಸುವವರೆಗೆ ತಲೆ ಎತ್ತಲಿಲ್ಲ. ಮುಗಿಸಿ ಕೈ ಒರೆಸಿಕೊಂಡು, ಮೂರು ದಿನದಲ್ಲಿ ಎಷ್ಟು ಗಂಟು ಎಂದರು.

ನಾಲ್ಕು. ಇಬ್ಬರ ಸ್ಥಿತಿ ಕೆಟ್ಟಿತು, ಇಬ್ಬರಿಗೆ ಏನೂ ಆಗಲಿಲ್ಲ. ಅವರಲ್ಲಿ ಒಬ್ಬ ಮನೆಗೇ ಹೋದ.

ಗಂಟಿಲ್ಲದೆ ಕೆಟ್ಟವರು?

ಒಬ್ಬರು. ಆರನೇ ಹಾಸಿಗೆ, ಹೃದಯಾಘಾತ.

"ಅದೆಲ್ಲ ಸರಿ ಮಾರಾಯ್ತಿ. ಗಂಟೂ ಇಲ್ಲ, ಏನೂ ಆಗಲೂ ಇಲ್ಲ, ಅಂಥವರು ಎಷ್ಟು ಜನ? ಆ ಲೆಕ್ಕ ಉಂಟಾ?"

ಇರಲಿಲ್ಲ. ಗುಲಾಫಶಾ ಕಟ್ಟಿದ ಗಂಟುಗಳನ್ನು ಮಾತ್ರ ಎಣಿಸಿದ್ದಳು. ಲಕ್ಷ್ಮವ್ವ ಕೈ ಇಟ್ಟು, ಏನೂ ಇಲ್ಲವೆಂದು ಮುಂದಕ್ಕೆ ಹೋದ ಹಾಸಿಗೆಗಳೂ ಅವಳ ತೀರ್ಪುಗಳೇ, ಅವೇ ಹೆಚ್ಚು ಎಂಬುದು ಆ ಮೇಜಿನ ಮುಂದೆ ಕುಳಿತಾಗ ಮೊದಲ ಸಲ ಹೊಳೆಯಿತು. ಮಾಣಿ ಬಂದು ಕಾಫಿ ಇಟ್ಟು ಹೋದ.

ನಾಲ್ಕು ಗಂಟಿನಿಂದ ಏನೂ ಸಾಬೀತಾಗುವುದಿಲ್ಲ ಎಂದರು ಮೇಡಂ. ಸಾವಿರಗಟ್ಟಲೆ ಬೇಕು. ಅದಕ್ಕೂ ಮೊದಲು ಸಂಶೋಧನೆಯ ನೀತಿ ಸಮಿತಿಯ ಅನುಮತಿ ಬೇಕು, ಅಲ್ಲಿಯವರೆಗೆ ಒಂದಂಕಿಯನ್ನೂ ಬರೆದಿಡಕೂಡದು, ಈ ಮೂರು ದಿನದ್ದನ್ನೂ ಹರಿದುಹಾಕಿ. ಕೊನೆಗೆ ಆ ಹೆಂಗಸಿನ ಕೈಗೆ ಏನೂ ತಿಳಿಯುವುದಿಲ್ಲ ಎಂದೂ ಉತ್ತರ ಬರಬಹುದು, ಅದನ್ನೂ ಹಾಗೇ ಬರೆಯಬೇಕಾಗುತ್ತದೆ. ತಮಗೆ ನಿವೃತ್ತಿಗೆ ನಾಲ್ಕು ವರ್ಷ ಇದೆ, ಆಮೇಲೆ ಗೈಡ್ ಬದಲಾಗುತ್ತಾರೆ. ನವಿ ಮುಂಬಯಿಗೆ ಹೋದರೆ ಇದ್ಯಾವ ತಾಪತ್ರಯವೂ ಇಲ್ಲ. ಇಷ್ಟನ್ನು ಬಸ್ಸಿನ ವೇಳಾಪಟ್ಟಿ ಓದುವವರ ಹಾಗೆ ಹೇಳಿ ಅವರು ಎದ್ದರು. ಹೊರಗೆ ಹೂವಿನ ಅಂಗಡಿಗಳ ಮುಂದೆ ನಿಂತು ಒಂದು ಮಾತು ಸೇರಿಸಿದರು.

"ಅವರು ಬಾಯಲ್ಲಿ ಹೇಳದೆ ಗಂಟು ಯಾಕೆ ಕಟ್ಟುವುದು? ನೀವು ಅದನ್ನು ಕೇಳಲೇ ಇಲ್ಲ ಅಲ್ವಾ?"

ಶುಕ್ರವಾರ ಡ್ಯೂಟಿ ಮುಗಿದ ಮೇಲೆ ಗುಲಾಫಶಾ ಲಿನನ್ ಕೋಣೆಗೆ ಹೋದಳು. ಲಕ್ಷ್ಮವ್ವ ಚಾದರ ಮಡಿಸುತ್ತಿದ್ದಳು. ಗುಲಾಫಶಾ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎರಡು ಚಾದರ ಮಡಿಸಿದ ಮೇಲೆ, ಬಾಯಲ್ಲಿ ಹೇಳದೆ ಗಂಟು ಯಾಕೆ ಕಟ್ಟುವುದು ಎಂದು ಕೇಳಿದಳು.

"ನೀವ ಬ್ಯಾಡ ಅಂದಿದ್ರೆಲ್ರಿ, ಸಿಸ್ಟರ," ಎಂದಳು ಲಕ್ಷ್ಮವ್ವ.

ಅವಳ ದನಿಯಲ್ಲಿ ದೂರು ಇರಲಿಲ್ಲ. ಚಾದರದ ಅಂಚು ಹೊಂದಿಸುತ್ತ ಹೇಳಿದಳು. ಹನ್ನೊಂದು ವರ್ಷದ ಹಿಂದೆ, ಗುಲಾಫಶಾ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಒಂಬತ್ತನೇ ಹಾಸಿಗೆಯಲ್ಲಿ ಒಬ್ಬ ಮುದುಕ. ಅವನ ಕಾಲು ಪೂರಾ ತಣ್ಣಗಾಗಿವೆ, ಡಾಕ್ಟರನ್ನು ಕರೆಯಿರಿ ಎಂದು ಲಕ್ಷ್ಮವ್ವ ಹಾಸಿಗೆಯ ಪಕ್ಕದಲ್ಲೇ ಮರಾಠಿಯಲ್ಲಿ ಹೇಳಿದ್ದಳು. ಮುದುಕನ ಮಗನಿಗೆ ಕೇಳಿಸಿತು. ಅಪ್ಪ ಸಾಯುತ್ತಾನೆ ಎಂದು ಕಸ ತೆಗೆಯುವವಳು ಹೇಳುತ್ತಾಳೆ ಎಂದು ಅವನು ವಾರ್ಡ್ ಎಬ್ಬಿಸಿದ. ಗುಲಾಫಶಾ ಲಕ್ಷ್ಮವ್ವನನ್ನು ಹೊರಗೆ ಕರೆದು, ರೋಗಿಯ ಸ್ಥಿತಿಯ ಬಗ್ಗೆ ಆಯಾ ಬಾಯಿ ಬಿಡಕೂಡದು, ಅದು ನಿಯಮ ಎಂದಿದ್ದಳು. ಮುದುಕ ಮಧ್ಯಾಹ್ನ ಮೂರಕ್ಕೆ ತೀರಿಕೊಂಡ. ಮರುದಿನದಿಂದ ಲಕ್ಷ್ಮವ್ವ ಗಂಟು ಕಟ್ಟತೊಡಗಿದಳು.

"ಮಾತ ಬ್ಯಾಡ ಅಂದ್ರಿ. ಗಂಟ ಬ್ಯಾಡ ಅಂದಿರಲಿಲ್ಲ." ಲಕ್ಷ್ಮವ್ವ ನಕ್ಕಳು. ಮುಂದಿನ ಎರಡು ಹಲ್ಲು ಇರಲಿಲ್ಲ. "ನೀವು ನೋಡ್ತೀರಂತ ಕಟ್ಟಿದ್ದೆ. ಸಣ್ಣ ಹುಡಿಗೇರು ನೋಡಿದ್ರು."

ಆ ಮುದುಕ ಗುಲಾಫಶಾಗೆ ನೆನಪಿದ್ದ, ಅವಳ ಕೈಯಲ್ಲಿ ತೀರಿಕೊಂಡ ಮೊದಲ ರೋಗಿ ಅವನು. ಮಗನ ಅಂಗಿಯ ಬಣ್ಣವೂ ನೆನಪಿತ್ತು. ಹೊರಗೆ ಕಾರಿಡಾರಿನಲ್ಲಿ ತಲೆ ತಗ್ಗಿಸಿ ನಿಂತಿದ್ದ ಆಯಾ ಯಾರೆಂಬುದು ನೆನಪಿನಲ್ಲಿ ಎಲ್ಲಿಯೂ ಇರಲಿಲ್ಲ. ತನಗೆಂದೇ ಬರೆದಿದ್ದರೂ ಹನ್ನೊಂದು ವರ್ಷ ಒಡೆಯದೆ ಇಟ್ಟ ಪತ್ರಗಳಂತೆ ಆ ಕಂಬಿಗಳು ಅವಳ ಕಣ್ಣ ಮುಂದೆ ಬಂದವು. ಅವಳು ಕ್ಷಮೆ ಕೇಳಲು ಬಾಯಿ ತೆರೆದಳು. ಲಕ್ಷ್ಮವ್ವ ಮೂರನೇ ಚಾದರದ ತುದಿಯನ್ನು ಅವಳ ಕೈಗೆ ಕೊಟ್ಟಳು.

ಸಂಜೆ ಐದು ಐವತ್ತರ ಲೋಕಲ್‌ನಲ್ಲಿ, ಹೆಂಗಸರ ಡಬ್ಬಿಯ ಬಾಗಿಲ ಹತ್ತಿರ ಒತ್ತಿ ನಿಂತು, ಗುಲಾಫಶಾ ನವಿ ಮುಂಬಯಿಗೆ ಮೂರು ಸಾಲಿನ ಇ-ಮೇಲ್ ಬರೆದಳು. ಸೀಟು ಕೊಟ್ಟದ್ದಕ್ಕೆ ಕೃತಜ್ಞತೆ, ಒಪ್ಪಿಕೊಳ್ಳಲಾಗದ್ದಕ್ಕೆ ವಿಷಾದ. ಕಳಿಸಿದ ಮೇಲೆ ಕುರ್ಲಾ ಬಂತು.

ಮುಕ್ತಾರ ಅಂಧೇರಿಯ ಆಫೀಸುಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ. ಆಗಷ್ಟೇ ಬಂದು ಕೈಗೆ ಹತ್ತಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದ. ಅವಳು ಹೇಳಿದ್ದನ್ನು ಪೂರ್ತಿ ಕೇಳಿದ. ಇನ್ನೂ ಆರು ವರ್ಷ ವಾರ್ಡು, ತಿಂಗಳಿಗೊಮ್ಮೆ ನೈಟ್ ಡ್ಯೂಟಿ. ಮಗಳು ಶಬ್ರೀನ ಅಷ್ಟರಲ್ಲಿ ಕಾಲೇಜು ಸೇರಿರುತ್ತಾಳೆ. ಮುಗಿಯುತ್ತದೆಂದು ಖಾತ್ರಿಯಿಲ್ಲ. ಹಗಲಿನ ಕೆಲಸ ಸಿಕ್ಕರೆ ಭಾನುವಾರವಾದರೂ ಮೂವರೂ ಒಟ್ಟಿಗೆ ಉಣ್ಣಬಹುದೆಂದು ಆಸೆಪಟ್ಟವನು ಅವನೇ.

"ಬಿಲ್ಡಿಂಗ್ ತುಂಬ ನನ್ನ ಹೇಣ್ತಿ ಮೂರ ವರ್ಷಕ್ಕ ಡಾಕ್ಟರ್ನಿ ಆಗ್ತಾಳಂತ ಹೇಳೀನಿ. ಎರಡನೇ ಮಹಡಿ ಚಾಚಾ ಆಗ್ಲೇ ಮೊಣಕಾಲ ನೋವಿಗಿ ಗುಳಿಗಿ ಕೇಳಾಕ ಬಂದಿದ್ದ. ಈಗ ಆರು ಅಂತ ಹೆಂಗ ಹೇಳ್ಲಿ?"

"ಮೂರಾದ್ರೂ ಆರಾದ್ರೂ ಈ ಡಾಕ್ಟರ್ನಿ ಗುಳಿಗಿ ಕೊಡಂಗಿಲ್ಲ ಅಂತ ಹೇಳು."

ಅವನು ನಗಲಿಲ್ಲ. ಸ್ವಲ್ಪ ಹೊತ್ತು ಉಗುರಿನ ಸಂದಿಯನ್ನೇ ಉಜ್ಜಿದ. ಆಮೇಲೆ, ಆ ಮುದುಕಿಗೆ ಅದು ನಿಜವಾಗಿಯೂ ತಿಳಿಯುತ್ತದೆಯೇ ಎಂದು ಕೇಳಿದ. ಗೊತ್ತಿಲ್ಲ, ಅದನ್ನೇ ನೋಡಬೇಕು ಎಂದಳು. ಅವನು ಎದ್ದು ಕೈ ತೊಳೆದುಕೊಂಡು ಬಂದು, ನಾಳೆ ಎಷ್ಟಕ್ಕೆ ಎಬ್ಬಿಸಲಿ ಎಂದ.

ಶನಿವಾರ ಆರಕ್ಕೆ ಐದು ನಿಮಿಷ ಇರುವಾಗ ಗುಲಾಫಶಾ ವಾರ್ಡಿನಲ್ಲಿದ್ದಳು. ಗಡಿಯಾರ ಮತ್ತು ಉಂಗುರ ತೆಗೆದು ಕೈಚೀಲದಲ್ಲಿಟ್ಟಳು. ಪೆನ್ನು, ಕಾಗದ ಯಾವುದನ್ನೂ ತಂದಿರಲಿಲ್ಲ. ಐಸಿಯುನಿಂದ ಹಿಂದಿನ ಸಂಜೆ ಮರಳಿದ್ದ ಕಾಶಿನಾಥ ಹದಿನೇಳನೇ ಹಾಸಿಗೆಯಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಲಕ್ಷ್ಮವ್ವ ಅವಳನ್ನು ಮೊದಲನೇ ಹಾಸಿಗೆಯಿಂದ ಕರೆದುಕೊಂಡು ಹೊರಟಳು. ತಾನು ಮುಟ್ಟಿ ಸರಿಯುತ್ತಿದ್ದಳು, ಗುಲಾಫಶಾ ಮುಟ್ಟುತ್ತಿದ್ದಳು, ಏನನ್ನಿಸಿತು ಎಂದು ಪಿಸುಗುಟ್ಟಬೇಕಿತ್ತು. ಐದನೇ ಹಾಸಿಗೆಯಲ್ಲಿ ತಪ್ಪು ಹೇಳಿದಳು. ಹನ್ನೊಂದರಲ್ಲಿ ತಪ್ಪು. ಹದಿಮೂರರಲ್ಲಿ ಏನೂ ಹೇಳಲಾಗಲಿಲ್ಲ. ತಪ್ಪಿದಾಗ ಲಕ್ಷ್ಮವ್ವ ಅಲ್ಲವೆಂದು ತಲೆಯಾಡಿಸಿದಳಷ್ಟೆ, ತಿದ್ದದೆ ಮುಂದೆ ನಡೆದಳು.

ಹದಿನೇಳಕ್ಕೆ ಬಂದಾಗ ಲಕ್ಷ್ಮವ್ವ ತಾನು ಮುಟ್ಟದೆ ಪಕ್ಕಕ್ಕೆ ನಿಂತಳು. ಗುಲಾಫಶಾ ಹೊದಿಕೆಯ ಕೆಳಗೆ ಕೈ ತೂರಿಸಿ, ಹಗ್ಗದ ಮೇಲಿನ ಬಟ್ಟೆಗೆ ತಾಗಿಸಿದಂತೆ ಕೈಯ ಹಿಂಬದಿಯನ್ನು ಪಾದಕ್ಕೆ ತಾಗಿಸಿದಳು. ಗಾರೆ ಕೆಲಸದ ಪಾದ, ಹಿಮ್ಮಡಿ ಕಲ್ಲಿನಂತೆ ಒರಟಾಗಿತ್ತು. ಅಲ್ಲಿಂದ ನಿಧಾನವಾಗಿ ಮೇಲಕ್ಕೆ ಬಂದಳು. ಮೀನಗಂಡದ ಮೇಲೆ ನಿಂತಳು. ಕಣ್ಣು ತಾವಾಗಿಯೇ ಮುಚ್ಚಿದವು. ದೂರದಲ್ಲಿ ಒಂದು ಲೋಕಲ್ ಹೋಗಿ ಮುಗಿಯಿತು.

ಲಕ್ಷ್ಮವ್ವ ಸೊಂಟದಿಂದ ಗಾಜ್ ಪಟ್ಟಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು, ಬಕೆಟ್ಟಿನ ನೀರು ಆರುತ್ತಿದ್ದರೂ ಗುಲಾಫಶಾಳ ತೀರ್ಪಿಗೆ ಕಾದಳು.